ಇಂಗ್ಲೆಂಡಿನಲ್ಲಿ ಸಿಕ್ಕಿಬಿದ್ದ ಪ್ರಸಂಗ

ಹೊರಡುವ ಮುನ್ನ, ಹಲಸೂರು

ಇಂಗ್ಲೆಂಡಿಗೆ ಹೋಗಿಬಂದವರೆಲ್ಲ ಅಲ್ಲಿಯ ಅರಮನೆ, ಗಡಿಯಾರದ ಗೋಪುರ, ನದಿಯ ಸೇತುವೆಗಳನ್ನು ಬಣ್ಣಿಸಿದ್ದಾರೆ. ನಾನು ಅದ್ಯಾವುದನ್ನೂ ನೋಡಲಿಲ್ಲ. ಎರಡು ವಾರ ಅಲ್ಲಿದ್ದು ನಾನು ಕಂಡದ್ದು ಒಂದು ಚರ್ಚು, ಒಬ್ಬ ಮುದುಕಿಯ ಅಡುಗೆಮನೆ, ಕಡಲ ದಂಡೆಯ ಒಂದು ಬೆಂಚು. ಅರಮನೆ ಬೇಕಾದವರು ಬೇರೆ ಯಾರನ್ನಾದರೂ ಓದಿಕೊಳ್ಳಬಹುದು.

ಮೊದಲು ನನ್ನ ಕಸುಬು ಹೇಳುತ್ತೇನೆ. ತೊಂಬತ್ತರ ದಶಕದ ಆ ದಿನಗಳಲ್ಲಿ ನಾನು ವಾರವೆಲ್ಲ ಹಲಸೂರಿನ ಒಂದು ಶಾಲೆಯಲ್ಲಿ ಕನ್ನಡ ಮೇಷ್ಟ್ರು. ಭಾನುವಾರ ಮಾತ್ರ ನಮ್ಮ ಚರ್ಚಿನ ಸಭೆಯಲ್ಲಿ ರೆವರೆಂಡ್ ಜ್ಞಾನಮಣಿ ಅಯ್ಯನವರ ಎಡಗಡೆ ನಿಲ್ಲುವ ಭಾಷಾಂತರಕಾರ. ಅಯ್ಯನವರು ಕಾಕ್ಸ್‌ಟೌನಿನಲ್ಲಿ ಹುಟ್ಟಿ ಬೆಳೆದವರು. ಮನೆಯಲ್ಲಿ ತಮಿಳು, ಉಪದೇಶ ಮಾಡುವ ಪುಲ್ಪಿಟ್ಟಿನಲ್ಲಿ ಇಂಗ್ಲಿಷ್, ತರಕಾರಿಯವರ ಹತ್ತಿರ, ಆಟೋದವರ ಹತ್ತಿರ ಕನ್ನಡ. ಸಭೆಯಲ್ಲಿ ಅರ್ಧ ಜನ ಕಂಟೋನ್ಮೆಂಟಿನ ಇಂಗ್ಲಿಷ್ ಮಾತಿನವರು, ಅವರು ಬಲಗಡೆ ಕೂರುತ್ತಾರೆ. ಉಳಿದವರು ಕೆ.ಆರ್. ಪುರ, ಮಹದೇವಪುರದಿಂದ ಬಸ್ಸು ಹತ್ತಿ ಬರುವವರು, ಗದಗ, ಹುಬ್ಬಳ್ಳಿ ಕಡೆಯಿಂದ ನೌಕರಿಗೆ ಬಂದವರು. ಅವರು ಎಡಗಡೆ. ಅಯ್ಯನವರು ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿ ನಿಲ್ಲಬೇಕು, ನಾನು ಅದನ್ನು ಕನ್ನಡದಲ್ಲಿ ಹೇಳಬೇಕು. ಮತ್ತೆ ಅವರದೊಂದು, ಮತ್ತೆ ನನ್ನದೊಂದು. ಹೀಗೆ ಹದಿನಾಲ್ಕು ವರ್ಷ ನಡೆಯಿತು.

ಚರ್ಚಿನ ಉಪದೇಶಕ್ಕೆ ನಾವು ಪ್ರಸಂಗ ಎನ್ನುತ್ತೇವೆ, ಅದಕ್ಕೆ ಒಂದು ಕಟ್ಟಳೆ ಇದೆ. ಮೊದಲು ಬೈಬಲಿನ ಒಂದು ವೇದವಾಕ್ಯ. ಆಮೇಲೆ ಯಾರಿಗೂ ನಗು ಬಾರದ ಒಂದು ತಮಾಷೆ. ಆಮೇಲೆ ಮೂರು ಅಂಶ. ಮೂರೂ ಒಂದೇ ಅಕ್ಷರದಿಂದ ಶುರುವಾಗಬೇಕು, ಇಲ್ಲದಿದ್ದರೆ ದೇವರು ಒಪ್ಪುವುದಿಲ್ಲ ಅನ್ನುವಷ್ಟು ಹಟ. ಮೂರನೆಯ ಅಂಶ ಮುಗಿಯುವಾಗ 'ಕಡೆಯದಾಗಿ' ಎನ್ನುತ್ತಾರೆ. ಹೊಸಬರು ಕೈಚೀಲ ಎತ್ತಿಕೊಳ್ಳುತ್ತಾರೆ. ಹಳಬರು ಅಲುಗುವುದಿಲ್ಲ, ಇನ್ನೂ ಎರಡು 'ಕಡೆಯದಾಗಿ' ಬಾಕಿ ಇರುವುದು ಅವರಿಗೆ ಗೊತ್ತು. ಕೊನೆಗೆ ಪ್ರಾರ್ಥನೆ. ಅದರಲ್ಲಿ ಇಡೀ ಪ್ರಸಂಗವನ್ನು ದೇವರಿಗೆ ಇನ್ನೊಮ್ಮೆ ಒಪ್ಪಿಸಲಾಗುತ್ತದೆ, ನಿದ್ದೆ ಹೋದವರ ಅನುಕೂಲಕ್ಕೆ.

ಇಂಗ್ಲಿಷಿನ ಮೂರು ಅಂಶಗಳು ಕನ್ನಡಕ್ಕೆ ಬರುವಾಗ ಮೂರು ದಿಕ್ಕಿಗೆ ಹೋಗುತ್ತವೆ. ಆದ್ದರಿಂದ ಅಯ್ಯನವರು ಏನೇ ಹೇಳಲಿ, ನಾನು ಪಾಪ, ಪಶ್ಚಾತ್ತಾಪ, ಪರಲೋಕ ಎಂದುಬಿಡುತ್ತಿದ್ದೆ. ಯಾರೂ ಪ್ರಶ್ನಿಸಲಿಲ್ಲ. ಒಂದು ಭಾನುವಾರ ಅವರ ಬಾಯಿಂದ ಬಂದ ದೊಡ್ಡದೊಂದು ಇಂಗ್ಲಿಷ್ ಪದ ನನಗೆ ತಿಳಿಯಲೇ ಇಲ್ಲ. ಸುಮ್ಮನೆ ನಿಲ್ಲಲಾಗದೆ, ಸಾಲ ತೀರಿಸಿದವನು ಸಂತೆಯಲ್ಲಿ ತಲೆಯೆತ್ತಿ ನಡೆಯುತ್ತಾನೆ ಎಂದು ನಮ್ಮಮ್ಮ ಹೇಳುತ್ತಿದ್ದ ಮಾತನ್ನು ಹೇಳಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ರಾಹೇಲಮ್ಮನವರು ಮೆಚ್ಚಿ "ಸ್ತೋತ್ರ" ಅಂದರು. ರಾಹೇಲಮ್ಮ ಅಷ್ಟು ಸುಲಭಕ್ಕೆ ಸ್ತೋತ್ರ ಅನ್ನುವ ಹೆಂಗಸಲ್ಲ. ನನಗೆ ರುಚಿ ಹತ್ತಿತು.

ಆಮೇಲೆ ಅವರದೊಂದು ವಾಕ್ಯವಾದರೆ ನನ್ನದು ನಾಲ್ಕು. ಮನೆಬಿಟ್ಟು ಹೋಗಿ ಹಾಳಾಗಿ ವಾಪಸು ಬರುವ ಮಗನ ಸಾಮ್ಯಕಥೆ ನಮ್ಮ ಸತ್ಯವೇದವಾದ ಬೈಬಲಿನಲ್ಲಿದೆ. 'ತಂದೆ ಅವನನ್ನು ದೂರದಿಂದಲೇ ಕಂಡನು' ಎಂದು ಅಯ್ಯನವರು ಹೇಳಿ ನಿಂತರು. ನಾನು ಆ ತಂದೆಯನ್ನು ಕೆ.ಆರ್. ಪುರದ ಹತ್ತಿರದ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿಗೆ ಕರೆತಂದೆ. ಕೋಲಾರದ ಕಡೆಯಿಂದ ಬರುವ ಪ್ರತಿ ಬಸ್ಸನ್ನೂ ಹತ್ತಿ, ಸೀಟು ಸೀಟು ಇಣುಕಿ ನೋಡಿ, ಕಂಡಕ್ಟರಿಂದ ಬೈಸಿಕೊಂಡು ಇಳಿಯುವ ಅಪ್ಪ. ದಿನಾ ಬರುತ್ತಾನೆ. ಎಡಗಡೆಯವರೆಲ್ಲ ಅತ್ತರು. ಬಲಗಡೆಯವರು ಯಾರಿಗೆ ಏನಾಯಿತೆಂದು ಕತ್ತು ತಿರುಗಿಸಿದರು. ನನ್ನ ಸರದಿಯಲ್ಲಿ ಅಯ್ಯನವರು ಚೀಟಿಯಲ್ಲಿ ಮುಂದಿನ ವಾಕ್ಯ ಹುಡುಕುವುದು ವಾಡಿಕೆ, ಹಾಗಾಗಿ ಅವರ ಕಿವಿಗೆ ಏನೂ ಬೀಳಲಿಲ್ಲ. ತಲೆಯೆತ್ತಿ ಕಣ್ಣೀರು ಕಂಡವರೇ ತಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಮಾತು ಲಂಬಿಸುವುದು ಅವರ ಗಮನಕ್ಕೆ ಬಾರದೆ ಇರಲಿಲ್ಲ. ಕನ್ನಡ ಉದ್ದದ ಭಾಷೆ ಎಂದು ಅವರು ಬಂದ ಅತಿಥಿಗಳಿಗೆಲ್ಲ ವಿವರಿಸುತ್ತಿದ್ದರು.

ಆ ಎಡಗಡೆಯ ಕಣ್ಣೀರೇ ತನ್ನ ಬಾಳಿನ ಸಂಪಾದನೆ ಎಂದು ನಂಬಿದ್ದ ಮನುಷ್ಯ ಅವರು. ನನಗೆ ಒಡಹುಟ್ಟಿದ ಅಣ್ಣನಿಗಿಂತ ಹೆಚ್ಚು. ನಿಜ ತಿಳಿದರೆ ಅವರೂ ನನ್ನವರಾಗಿ ಉಳಿಯುವುದಿಲ್ಲ, ಅವರ ಪಕ್ಕದ ಜಾಗವೂ ಉಳಿಯುವುದಿಲ್ಲ ಎಂಬ ಭಯ ಸದಾ ಇತ್ತು. ಇಂಗ್ಲೆಂಡಿನ ಉತ್ತರದ ಕಡಲತೀರದ ಒಂದು ಸಭೆಯವರು ಎರಡು ಭಾನುವಾರ ಪ್ರಸಂಗಕ್ಕೆ ಬನ್ನಿ, ಜೊತೆಗೆ ಒಬ್ಬರನ್ನು ಕರೆತನ್ನಿ ಎಂದು ಅವರಿಗೆ ಬರೆದರು. ಅವರ ಹೆಂಡತಿ, ಮಂಡಿನೋವಿನ ಅಮ್ಮನವರು, ಒಲ್ಲೆನೆಂದರು. ಹೀಗೆ ನನಗೆ ವಿದೇಶ ಒದಗಿತು.

ಗಡಿಯಲ್ಲಿ

ವಿಮಾನ ಏರುವಾಗ ಅಯ್ಯನವರು ಪೈಲಟ್‌ಗಾಗಿ ಪ್ರಾರ್ಥಿಸಿದರು. ಅದರಲ್ಲೂ ಮೂರು ಅಂಶಗಳಿದ್ದವು.

ಇಳಿದ ಮೇಲೆ ಪಾಸ್‌ಪೋರ್ಟ್ ನೋಡುವ ಅಧಿಕಾರಿ ನಾನು ಯಾತಕ್ಕೆ ಬಂದೆ ಎಂದು ಕೇಳಿದ. ಇವರ ಭಾಷಾಂತರಕಾರ ಎಂದೆ. ಇವರಿಗೆ ಇಂಗ್ಲಿಷ್ ಬರುವುದಿಲ್ಲವೇ ಎಂದ. ಬರುತ್ತದೆ ಎಂದೆ. ಹಾಗಾದರೆ ನಮ್ಮ ದೇಶದಲ್ಲಿ ನೀನು ಯಾರಿಗೆ ಭಾಷಾಂತರ ಮಾಡುತ್ತೀ ಎಂದು ಅವನು ನಿಜವಾದ ಕುತೂಹಲದಿಂದ ಕೇಳಿದ. ನಾನು ಅಯ್ಯನವರ ಮುಖ ನೋಡಿದೆ. ಅವನು ಕರುಣೆಯಿಂದ ಮುದ್ರೆ ಒತ್ತಿದ.

ನಮ್ಮನ್ನು ಮನೆಯಲ್ಲಿರಿಸಿಕೊಂಡವರು ಆ ಚರ್ಚಿನ ಗುರು ಪೀಟರ್. ಅವರ ಬಚ್ಚಲಲ್ಲಿ ಒಂದೇ ಬೋಗುಣಿಗೆ ಎರಡು ನಲ್ಲಿ, ಒಂದರಲ್ಲಿ ಸುಡುವ ನೀರು, ಇನ್ನೊಂದರಲ್ಲಿ ಕೊರೆಯುವ ನೀರು. ಮಧ್ಯದ ನೀರು ಬೇಕಾದವನು ಕೈಯನ್ನು ಬೇಗ ಬೇಗ ಆಚೀಚೆ ಆಡಿಸಬೇಕು. ಜಗತ್ತನ್ನೇ ಆಳಿದವರಿಗೆ ಎರಡು ನಲ್ಲಿ ಒಂದು ಮಾಡಲು ಆಗಲಿಲ್ಲವಲ್ಲ ಎಂದು ಅಯ್ಯನವರು ಮೂರು ದಿನ ಯೋಚಿಸಿದರು.

ಪೀಟರ್ ತಮ್ಮ ಪ್ರಸಂಗ ಹನ್ನೆರಡು ನಿಮಿಷ ಮೀರುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿದರು. ಬುಧವಾರದ ಆರಾಧನೆಯಲ್ಲಿ ಕೇಳಿದೆವು. ನಮ್ಮಲ್ಲಿ ತಮಾಷೆ ಮಾಡುವಷ್ಟು ಹೊತ್ತಿನಲ್ಲಿ ಅವರು ಪರಲೋಕ ಮುಟ್ಟಿ ವಾಪಸು ಬಂದಿದ್ದರು. ಪ್ರತಿ ಎರಡನೇ ವಾಕ್ಯದಲ್ಲಿ 'ಬಹುಶಃ' ಇತ್ತು. ಬಹುಶಃ ದೇವರು ನಮ್ಮನ್ನು ಕೇಳುತ್ತಿದ್ದಾನೆ, ಬಹುಶಃ ನಾವು ಯೋಚಿಸಬಹುದು.

"ದೇವರ ವಿಷಯದಲ್ಲೂ ಬಹುಶಃ ಅಂತಾರಲ್ಲ ಮಾಸ್ಟರ್," ಅಂದರು ಅಯ್ಯನವರು. "ನಮ್ಮಲ್ಲಿ ಹಿಂಗಂದ್ರೆ ಕಮಿಟಿಯವರು ಬಿಡ್ತಾರಾ?"

ನಾವಿಬ್ಬರೂ ಮಾತಾಡುವುದು ತಮಿಳು, ಇಂಗ್ಲಿಷ್, ಕನ್ನಡ ಕಲಸಿದ ಕಂಟೋನ್ಮೆಂಟಿನ ಮಾತು. ಇಲ್ಲಿ ಅದನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ನನ್ನ ಭಾಷಾಂತರವನ್ನು ಎಷ್ಟು ನಂಬಬೇಕೆಂಬುದು ನಿಮಗೆ ಬಿಟ್ಟದ್ದು.

ಮೊದಲ ಭಾನುವಾರ

ಆ ಚರ್ಚಿನಲ್ಲಿ ಜನ ಮೂವತ್ತು, ಬೆಂಚು ನೂರು. ಎಲ್ಲರೂ ಕೊನೆಯ ಸಾಲುಗಳಲ್ಲಿ ಒತ್ತೊತ್ತಾಗಿ ಕೂತಿದ್ದರು, ಮುಂದೆ ಕೂತರೆ ದೇವರು ಪ್ರಶ್ನೆ ಕೇಳುತ್ತಾನೋ ಎಂಬಂತೆ. ನಮ್ಮಲ್ಲಿ ಮುಂದಿನ ಸಾಲಿಗೆ ರಾಹೇಲಮ್ಮ ಕರವಸ್ತ್ರ ಹಾಸಿ ಜಾಗ ಹಿಡಿಯುತ್ತಾರೆ. ನಾನು ಅಭ್ಯಾಸಬಲದಿಂದ ಮುಂದೆಯೇ ಕೂತೆ, ಒಬ್ಬನೇ.

ಅಯ್ಯನವರು ಪುಲ್ಪಿಟ್ ಏರಿ ಮೊದಲ ವಾಕ್ಯ ಹೇಳಿದರು. ನಿಂತರು. ಎಡಕ್ಕೆ ನೋಡಿದರು. ಎಡಕ್ಕೆ ಒಂದು ಕಂಬ ಇತ್ತು.

ಹದಿನಾಲ್ಕು ವರ್ಷ ಒಂದೊಂದೇ ವಾಕ್ಯ ಹೇಳಿ ನಿಂತ ಮನುಷ್ಯನಿಗೆ ಎರಡು ವಾಕ್ಯ ಒಟ್ಟಿಗೆ ಹೇಳುವುದು ಮರೆತೇಹೋಗಿತ್ತು. ಇದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅವರು ಚೀಟಿ ನೋಡಿದರು, ಎರಡನೆಯ ವಾಕ್ಯ ಹೇಳಿದರು, ಮತ್ತೆ ನಿಂತರು. ಹಿಂದಿನ ಸಾಲಿನವರು ಇದು ಪೂರ್ವದೇಶದ ಧ್ಯಾನವಿರಬೇಕೆಂದು ಕಣ್ಣು ಮುಚ್ಚಿಕೊಂಡರು. ಅಯ್ಯನವರ ಹಣೆಯ ಮೇಲೆ ಬೆವರು ಕಂಡಿತು. ಮೂರನೆಯ ವಾಕ್ಯ ಹೇಳಿ ಅವರು ನಿಂತಾಗ ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಎದ್ದು ನಿಂತೆ. ಕೆ.ಆರ್. ಪುರದವರಿಗೆ ಕೇಳಿಸುವ ದನಿಯಲ್ಲಿ, "ಪ್ರಿಯರೇ, ಕರ್ತನ ಕೃಪೆ ನಮ್ಮ ಯೋಗ್ಯತೆ ನೋಡಿ ಬರೋದಲ್ಲ," ಎಂದು ಕನ್ನಡದಲ್ಲಿ ಹೇಳಿಬಿಟ್ಟೆ.

ಧ್ಯಾನದಲ್ಲಿದ್ದವರೆಲ್ಲ ಬೆಚ್ಚಿ ಕಣ್ಣು ತೆರೆದರು. ಅಯ್ಯನವರ ಮುಖಕ್ಕೆ ಮಾತ್ರ ಕಳೆ ಬಂತು. ತಡವರಿಸದೆ ನಾಲ್ಕನೆಯ ವಾಕ್ಯ ಹೇಳಿದರು. ಇನ್ನು ಕೂರುವುದು ಹೇಗೆ? ಹೇಳುತ್ತಾ ಹೋದೆ. ಐದಾರು ವಾಕ್ಯ ಆದಮೇಲೆ ಕೊನೆಯ ಸಾಲಿನಿಂದ ಒಂದು ನಡುಗುವ ಹೆಣ್ಣುದನಿ "ಸ್ತೋತ್ರ" ಅಂದಿತು.

ಅಲ್ಲಿ ಕನ್ನಡ ಬಲ್ಲವರು ಒಬ್ಬರಿದ್ದರು.

ಎರಡನೇ ಭಾನುವಾರ

ಹಾಗೆ ಸ್ತೋತ್ರ ಅಂದವರ ಹೆಸರು ಡೊರೊತಿ. ಎಂಬತ್ತು ದಾಟಿದ ಒಂಟಿ ಮುದುಕಿ. ಅಪ್ಪ ಮಿಷನರಿಯಾಗಿದ್ದರಂತೆ, ಈಕೆ ಕೋಲಾರದಲ್ಲಿ ಹುಟ್ಟಿ ನಮ್ಮ ಕಂಟೋನ್ಮೆಂಟಿನಲ್ಲಿ ಬೆಳೆದವರು. ಕನ್ನಡ ಕಲಿತದ್ದು ಮನೆಯ ಆಯಾಳಿಂದ, ಹಾಗಾಗಿ ಲೋಕದಲ್ಲಿ ಎಲ್ಲರನ್ನೂ ನೀನು ಎಂದೇ ಮಾತಾಡಿಸುವವರು.

ಆ ಮೊದಲ ಭಾನುವಾರವೇ ಬಾಗಿಲಲ್ಲಿ ಅವರು ಅಯ್ಯನವರ ಕೈ ಹಿಡಿದು, "ಐವತ್ತು ವರ್ಷ ಆಯ್ತು ಕನ್ನಡದಲ್ಲಿ ಪ್ರಸಂಗ ಕೇಳಿ. ಬರೋ ಭಾನುವಾರ ಇವನನ್ನ ನಿನ್ನ ಪಕ್ಕ ನಿಲ್ಲಿಸ್ಕೋ," ಅಂದರು. ಪೀಟರ್ ಒಪ್ಪಿದರು. ಪ್ರಸಂಗದ ಉದ್ದ ಎರಡರಷ್ಟಾಗುತ್ತದೆಂದು ಅವರಿಗೆ ಹೊಳೆದಿರಲಿಲ್ಲ.

ಅಯ್ಯನವರು ಹುರುಪಿನಿಂದ ತಮ್ಮ ಅತ್ಯುತ್ತಮ ಪ್ರಸಂಗವನ್ನೇ ಆರಿಸಿದರು, ಆ ಹಾಳಾದ ಮಗನದನ್ನು. ನಾನು ವಾರವಿಡೀ ಪ್ರತಿಜ್ಞೆ ಮಾಡಿದೆ. ಆಕೆಗೆ ಎರಡೂ ಭಾಷೆ ಬರುತ್ತದೆ, ಈ ಸಲ ಹೇಳಿದ್ದನ್ನು ಹೇಳಿದಂತೆ ಹೇಳಬೇಕು. ಮೊದಲ ಹತ್ತು ನಿಮಿಷ ನನ್ನಷ್ಟು ನಿಯತ್ತಿನ ಭಾಷಾಂತರಕಾರ ಭೂಮಿಯ ಮೇಲೆ ಇರಲಿಲ್ಲ. ಆಮೇಲೆ 'ತಂದೆ ಅವನನ್ನು ದೂರದಿಂದಲೇ ಕಂಡನು' ಬಂತು. ಡೊರೊತಿ ಆ ಹೊತ್ತಿಗೆ ಮುಂದಿನ ಸಾಲಿಗೆ ಬಂದು, ಕಿವಿಗೆ ಕೈ ಒಡ್ಡಿ, ಹಸಿದವರ ಹಾಗೆ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಟಿನ್ ಫ್ಯಾಕ್ಟರಿ ಆಕೆಗೆ ಗೊತ್ತಿರಲಾರದು. ತಂದೆಯನ್ನು ಆಕೆ ಬೆಳೆದ ಕಂಟೋನ್ಮೆಂಟಿನ, ಅಂದರೆ ದಂಡಿನ, ರೈಲ್ವೆ ಸ್ಟೇಷನ್ನಿನಲ್ಲಿ ನಿಲ್ಲಿಸಿದೆ. ಮದರಾಸಿನ ಗಾಡಿ ಬಂದಾಗಲೆಲ್ಲ ಡಬ್ಬಿ ಡಬ್ಬಿ ಇಣುಕಿಸಿದೆ.

ಆಕೆ ಮುಖ ಮುಚ್ಚಿಕೊಂಡು ಅತ್ತರು. ಅಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು.

ಸೋಮವಾರ, ಡೊರೊತಿಯ ಅಡುಗೆಮನೆ

ಚಹಾಕ್ಕೆ ನನ್ನೊಬ್ಬನನ್ನೇ ಕರೆದಿದ್ದರು. ಆ ದೇಶದಲ್ಲಿ ಚಹಾ ಕುದಿಸುವುದಿಲ್ಲ. ಎಲೆಯ ಮೇಲೆ ಬಿಸಿನೀರು ಸುರಿದು, ಆ ಪಾತ್ರೆಗೆ ಉಣ್ಣೆಯ ಟೋಪಿ ಹಾಕಿ, ಕಾಯಿಲೆಯವರ ಹತ್ತಿರ ಕೂತಂತೆ ಕಾಯುತ್ತಾರೆ. ಕಾಯುವಾಗ ಡೊರೊತಿ ಕೇಳಿದರು.

"ಸತ್ಯವೇದದಲ್ಲಿ, ಲೂಕನ ಪುಸ್ತಕದಲ್ಲಿ, ದಂಡಿನ ಸ್ಟೇಷನ್ನು ಎಲ್ಲೈತೆ?"

ನಾನು ಟೋಪಿಯನ್ನೇ ನೋಡಿದೆ.

"ಅವನು ಹೇಳಿದ್ದು ಒಂದು ಮಾತು. ನೀನು ಹೇಳಿದ್ದು ಒಂದು ಕತೆ. ಯಾವಾಗ್ಲೂ ಹಿಂಗೇನಾ?"

"ಹೌದಮ್ಮ."

"ಅವನಿಗೆ ಗೊತ್ತಾ?"

"ಇಲ್ಲ."

ಅವರು ಚಹಾ ಬಗ್ಗಿಸಿ ಬಟ್ಟಲನ್ನು ನನ್ನ ಕಡೆ ತಳ್ಳಿದರು. "ನಾನು ಅತ್ತೆ. ಸುಳ್ಳಲ್ಲ. ಆಮೇಲೆ ಬಾಗಿಲಲ್ಲಿ ಅವನ ಕೈ ಹಿಡಿದು, ಎಷ್ಟು ಚೆನ್ನಾಗಿ ಹೇಳಿದಿ ಅಂದೆ. ಅವನು ಮಗು ಹಂಗೆ ನಕ್ಕ. ಅವನಿಗೆ ಸಲ್ಲದ್ದನ್ನ ನನ್ನ ಕೈಯಲ್ಲಿ ಅವನಿಗೆ ಕೊಡಿಸಿದಿ. ಭಾನುವಾರ ಭಾನುವಾರ ಒಂದು ಸಭೆ ಕೈಯಲ್ಲೇ ಕೊಡಿಸ್ತಾ ಇದ್ದೀಯ. ಊರಿಗೆ ಹೋಗೋ ಮುಂಚೆ ನೀನೇ ಹೇಳು. ಇಲ್ಲ ಅಂದ್ರೆ ನಾನು ಅವನಿಗೆ ಕಾಗದ ಬರೀತೀನಿ. ನನ್ನಿಂದ ತಿಳಿದ್ರೆ ಅವನಿಗೆ ಜಾಸ್ತಿ ನೋವು."

ಜನರಿಗೆ ಒಳ್ಳೆಯದಾಯಿತಲ್ಲ ಎಂದು ನಾನು ವಾದಿಸಲು ಹೋದೆ. ಆಕೆ ಬಿಸ್ಕತ್ತಿನ ತಟ್ಟೆ ಮುಂದಿಟ್ಟರು. ತಿನ್ನುವವನು ಮಾತಾಡಲಾರ ಎಂಬುದು ಆಕೆಗೆ ಗೊತ್ತಿತ್ತು.

ಮಂಗಳವಾರ, ಕಡಲ ದಂಡೆಯ ಬೆಂಚು

ಆ ಊರಿನವರು ಮಳೆ ಬಂದರೂ ಗಾಳಿ ಬಂದರೂ ಕಡಲಿನ ಎದುರು ಬೆಂಚಿನ ಮೇಲೆ ಕೂತು ಕರಿದ ಆಲೂಗಡ್ಡೆ ತಿನ್ನುತ್ತಾರೆ. ನಾವೂ ಕೂತೆವು. ಅಯ್ಯನವರ ತೊಡೆಯ ಮೇಲೆ ಪೊಟ್ಟಣ. ನಾನು ಒಂದೇ ಉಸಿರಿನಲ್ಲಿ ಎಲ್ಲವನ್ನೂ ಹೇಳಿದೆ. ಯಾವ ಪ್ರಸ್ತಾವನೆಯೂ ಇಲ್ಲ, ಮೂರು ಅಂಶವೂ ಇಲ್ಲ.

ಒಂದು ಕಡಲಹಕ್ಕಿ ಬಂದು ಪೊಟ್ಟಣವನ್ನೇ ಎತ್ತಿಕೊಂಡು ಹೋಯಿತು. ಅದನ್ನೂ ಅವರು ನೋಡಲಿಲ್ಲ.

"ಎಲ್ಲಾನೂವಾ?"

"ವೇದವಾಕ್ಯ ಒಂದನ್ನ ಬಿಟ್ಟು."

"ಆ ಬಸ್ ಸ್ಟಾಪ್ ಅಪ್ಪ?"

"ನಂದೇ ಅಯ್ಯನವರೇ."

"ಜನ ಬಂದು ಅದನ್ನೇ ಹೇಳ್ತಿದ್ರು. ಅಯ್ಯನವರೇ, ಟಿನ್ ಫ್ಯಾಕ್ಟರಿ ಅಪ್ಪನ ಕಥೆ ಮರೆಯಕ್ಕಾಗಲ್ಲ ಅಂತ. ನಾನು ಯಾವಾಗ ಹೇಳ್ದೆ ಅಂತ ನಂಗೆ ನೆನಪೇ ಇಲ್ಲ." ಅವರು ಖಾಲಿ ಕೈಗಳನ್ನು ನೋಡಿಕೊಂಡರು. "ಮರೆವಿನ ಕಾಯಿಲೆ ಶುರುವಾಯ್ತು ಅಂದ್ಕೊಂಡೆ. ಅಮ್ಮನವರಿಗೂ ಹೇಳದೆ ಡಾಕ್ಟರ್ ಹತ್ರ ಹೋಗಿದ್ದೆ ಮಾಸ್ಟರ್. ಎರಡು ಸಲ."

ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಕ್ಷಮಿಸಿ ಎಂದೆ. ಅವರು ಎದ್ದು ಗಾಳಿಗೆ ಎದುರಾಗಿ ನಡೆದುಹೋದರು. ಕ್ಷಮೆಯ ಬಗ್ಗೆ ಅವರು ಮಾಡಿದ್ದ ಪ್ರಸಂಗಗಳನ್ನೆಲ್ಲ ನಾನೇ ಕನ್ನಡಕ್ಕೆ ತಂದಿದ್ದೆ. ಆ ಹೊತ್ತಿಗೆ ಅದರಲ್ಲಿ ಒಂದೂ ನೆರವಿಗೆ ಬರಲಿಲ್ಲ.

ವಾಪಸು ಬರುವಾಗ ವಿಮಾನದಲ್ಲಿ ಅವರು ನನ್ನೊಡನೆ ಆಡಿದ್ದು ಒಂದೇ ಮಾತು, ಕಾಲು ಸ್ವಲ್ಪ ತೆಗೀರಿ ಎಂದು. ಈ ಸಲ ಪೈಲಟ್‌ಗಾಗಿ ಪ್ರಾರ್ಥಿಸಲೂ ಇಲ್ಲ.

ಮತ್ತೆ ಹಲಸೂರು

ಮರುಭಾನುವಾರ ನಾನು ಹೋಗಬೇಕೋ ಬೇಡವೋ ತಿಳಿಯದೆ ಹೋದೆ. ಅವರು ಪುಲ್ಪಿಟ್ ಏರಿ ಎಡಗಡೆ ಜಾಗ ಬಿಟ್ಟು ನಿಂತರು. ನಾನು ನಿಂತೆ. ಅವತ್ತು ಅವರು ಹೇಳಿದ್ದನ್ನು ಹೇಳಿದಂತೆ, ಇಂಗ್ಲಿಷಿನ ತೂಕಕ್ಕೆ ಕನ್ನಡ ತೂಗಿ ಕೊಟ್ಟೆ. ಕನ್ನಡ ಇದ್ದಕ್ಕಿದ್ದಂತೆ ಗಿಡ್ಡ ಭಾಷೆಯಾಯಿತು. ಎಡಗಡೆ ಒಬ್ಬರಾದ ಮೇಲೊಬ್ಬರು ಆಕಳಿಸಿದರು. ಮೊದಲನೆಯ 'ಕಡೆಯದಾಗಿ' ಕೇಳಿದಾಗ ಹಳಬರೇ ಕೈಚೀಲ ಎತ್ತಿಕೊಂಡರು.

ಬಾಗಿಲಲ್ಲಿ ರಾಹೇಲಮ್ಮ ಅಯ್ಯನವರನ್ನು ನಿಲ್ಲಿಸಿದರು. "ಬೇಜಾರ್ ಮಾಡ್ಕೋಬೇಡಿ ಅಯ್ಯನವರೇ. ಫಾರಿನ್‌ಗೆ ಹೋಗ್ಬಂದ್ಮೇಲೆ ನಿಮ್ಮ ಪ್ರಸಂಗ ಸಪ್ಪೆ ಆಗೋಯ್ತು. ಮೇಷ್ಟ್ರೇನೋ ಪಾಪ ಹೇಳ್ದಂಗೆ ಹೇಳ್ತಾರೆ, ಅವರ ತಪ್ಪೇನಿದೆ?"

ನಾನು ಅಯ್ಯನವರ ಹಿಂದೆಯೇ ನಿಂತಿದ್ದೆ. ಅಯ್ಯನವರು ಆಕೆಗೆ ನಮಸ್ಕಾರ ಮಾಡಿ, ನನ್ನ ಮುಖ ನೋಡದೆ ಒಳಗೆ ಹೋದರು. ಬೆಂಚಿನ ಮೇಲೆ ಹೋದದ್ದು ನನ್ನ ಮಾನ, ಇಲ್ಲಿ ಹೋದದ್ದು ಅವರದು, ಎರಡಕ್ಕೂ ನಾನೇ ಕಾರಣ. ಅವತ್ತು ಮನೆಗೆ ಬಂದು ಊಟ ಮಾಡಲಿಲ್ಲ.

ಶನಿವಾರ ಬೆಳಿಗ್ಗೆ ಅಯ್ಯನವರು ಬಸ್ಸು ಹಿಡಿದು ಕೆ.ಆರ್. ಪುರದ ನನ್ನ ಮನೆಗೆ ಬಂದರು. ಕೂರಿ ಅಂದರೆ ಕೂರಲಿಲ್ಲ. "ನಾಳೆ ಪ್ರಸಂಗ ನಿಮ್ಮದು. ಕನ್ನಡದಲ್ಲಿ ಮಾಡಿ. ನಾನು ಪಕ್ಕ ನಿಂತು ಇಂಗ್ಲಿಷ್ ಮಾಡ್ತೀನಿ," ಎಂದಷ್ಟೇ ಹೇಳಿ ಹೊರಟುಹೋದರು.

ನನಗೇನು, ಹದಿನಾಲ್ಕು ವರ್ಷ ನಾನೇ ತಾನೇ ಮಾಡಿದ್ದು ಎಂದುಕೊಂಡೆ. ಭಾನುವಾರ ಪುಲ್ಪಿಟ್ ಏರಿ ನೋಡಿದರೆ ತಲೆಯಲ್ಲಿ ಏನೂ ಇಲ್ಲ. ಅವರ ಒಣ ವಾಕ್ಯವೊಂದು ಮೊದಲು ಬೀಳದೆ ನನ್ನ ಬಾಯಲ್ಲಿ ಮಾತು ಹುಟ್ಟುವುದಿಲ್ಲ ಎಂಬುದು ಅಲ್ಲಿ, ಇಷ್ಟು ಜನರ ಮುಂದೆ, ನನಗೆ ಮೊದಲ ಸಲ ತಿಳಿಯಿತು. ಹೇಗೋ ಒಂದು ವಾಕ್ಯ ಹೊರಬಂತು. "ಪ್ರಿಯರೇ, ತಪ್ಪನ್ನು ಒಪ್ಪಿಕೊಳ್ಳುವುದು ಕಷ್ಟ."

ನಿಂತೆ. ಅವರು ಶುರುಮಾಡಿದರು, ಇಂಗ್ಲಿಷಿನಲ್ಲಿ. ಒಂದು ವಾಕ್ಯಕ್ಕೆ ನಿಲ್ಲಲಿಲ್ಲ. ಎರಡಾಯಿತು, ಐದಾಯಿತು, ಹತ್ತಾಯಿತು. ಬಲಗಡೆಯವರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು, ಆಮೇಲೆ ಎಲ್ಲರೂ ನನ್ನನ್ನೇ ನೋಡತೊಡಗಿದರು. ಎರಡು ನಿಮಿಷವಾದ ಮೇಲೆ ಅವರು ನನ್ನ ಕಡೆ ತಿರುಗಿ ಕೈಕಟ್ಟಿ ನಿಂತರು.

ಎಡಗಡೆ ಗುಸುಗುಸು ಎದ್ದಿತು. ರಾಹೇಲಮ್ಮ ಕೂತಲ್ಲಿಂದಲೇ ಕೇಳಿದರು. "ಮೇಷ್ಟ್ರೇ, ಅಯ್ಯನವರು ಅಷ್ಟೊತ್ತು ಏನ್ ಹೇಳಿದ್ರು?"

ನನಗೆ ಬೇರೆ ದಾರಿ ಇರಲಿಲ್ಲ. ಹೇಳಿದೆ. "ಅಯ್ಯನವರು ಹೀಗಂದರು. ಈ ಮನುಷ್ಯ ಹದಿನಾಲ್ಕು ವರ್ಷ ನನ್ನ ಮಾತಿನ ಬದಲು ತನ್ನ ಮಾತನ್ನ ನಿಮಗೆ ಹೇಳಿದ. ನೀವು ಅತ್ತಿದ್ದು ನನ್ನ ಪ್ರಸಂಗಕ್ಕಲ್ಲ. ಬಸ್ ಸ್ಟಾಪಿನಲ್ಲಿ ಕಾಯೋ ಅಪ್ಪ ಇವನ ಅಪ್ಪ, ನನ್ನವನಲ್ಲ. ಇದು ಗೊತ್ತಾದಾಗ ನನಗೆ ಹೊಟ್ಟೆ ಉರೀತು. ಮೋಸ ಮಾಡಿದ್ದಕ್ಕೆ ಅಂದ್ಕೊಂಡೆ. ಅಲ್ಲ. ಇವನು ನನಗಿಂತ ಚೆನ್ನಾಗಿ ಹೇಳಿದ್ದಕ್ಕೆ. ಇವತ್ತೂ ಉರೀತಾ ಇದೆ. ಕ್ಷಮಿಸು ಅಂತ ನಿಮಗೆ ವರ್ಷವೆಲ್ಲ ಹೇಳೋನು ನಾನು. ಇವನನ್ನ ಕ್ಷಮಿಸೋಕೆ ನನಗೆ ಹತ್ತು ದಿನ ಸಾಲಲಿಲ್ಲ."

ಒಂದು ಮಾತನ್ನೂ ಸೇರಿಸಲಿಲ್ಲ. ಅಲ್ಲಿಯವರೆಗೆ ಒಂದು ಮಾತನ್ನೂ ಬಿಡಲಿಲ್ಲ. ಅವರ ಕಡೆಯ ಮಾತೊಂದು ಉಳಿದಿತ್ತು. ಅದನ್ನು ಹೇಳಲೆಂದು ಎರಡು ಸಲ ಬಾಯಿ ತೆರೆದು ಮುಚ್ಚಿದೆ.

ಅಯ್ಯನವರು ಎಡಗಡೆಯವರ ಕಡೆ ತಿರುಗಿ, ಆ ಪುಲ್ಪಿಟ್ಟಿನಲ್ಲಿ ಮೊಟ್ಟಮೊದಲ ಸಲ, ತಮಗೆ ಬರುವಷ್ಟು ಕನ್ನಡದಲ್ಲಿ ಆ ಕಡೆಯ ಮಾತನ್ನು ತಾವೇ ಹೇಳಿದರು.

"ಮುಂದಿನ ವಾರ ಕೂಡ ಇವನು ಬೇಕು. ಇವನು ಇಲ್ಲ ಅಂದ್ರೆ ನಂಗೆ ಮಾತು ಬರಲ್ಲ."